ದ್ರಾಕ್ಷಿ ಕೋಣೆಯಿಂದ ಲಡಾಖಿಗೆ

ನಮ್ಮ ಮೊಮ್ಮಗಳ ಪೆಟ್ಟಿಗೆ ಲಡಾಖಿಗೆ ಹೋಗುವುದು ಗಟ್ಟಿಯಾಯಿತು. ಪೆಟ್ಟಿಗೆಯ ಜೊತೆಗೆ ಅವಳೂ ಹೋಗುವುದೆಂದಾಯಿತು. ಇದು ನಡೆದು ಸುಮಾರು ವರ್ಷಗಳಾದವು, ಆದರೂ ಮೊದಲು ಈ ಸುದ್ದಿ ಹೇಳದೆ ಮುಂದಿನದನ್ನು ಬರೆಯಲು ನನ್ನ ಕೈ ಓಡುವುದಿಲ್ಲ.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂತು. ನಾನು ಹೆಂಡತಿಗೆ ಅರ್ಧ ಹೇಳಿ, ಚಪ್ಪಲಿ ಮೆಟ್ಟಿ, ನಾಸಿಕ್ ರೋಡ್ ಸ್ಟೇಷನ್ನಿನ ತನಕ ನಡೆದೆ. ಚಹಾದ ಅಂಗಡಿಯವನಿಗೆ ಹೇಳಿದೆ. ಪೇಪರ್ ಮಾರುವವನಿಗೆ ಹೇಳಿದೆ. ಗುರುತಿಲ್ಲದ ಒಬ್ಬ ಪ್ರಯಾಣಿಕನಿಗೂ ಹೇಳಿದೆ. ಪಾಪ, ಅವನು ಕೇಳಿದ್ದು ಮನಮಾಡಿನ ಗಾಡಿ ಎಷ್ಟೊತ್ತಿಗೆ ಅಂತ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಮೊಮ್ಮಗಳು ಸಂಭಾಜಿನಗರದಲ್ಲಿ, ನಾವೆಲ್ಲ ಆಗ ಔರಂಗಾಬಾದ್ ಎನ್ನುತ್ತಿದ್ದ ಊರಲ್ಲಿ, ಇಂಜಿನಿಯರಿಂಗ್ ಓದುತ್ತಿದ್ದಳು. ಅವಳು ನನಗೆ ಬಿಡಿಸಿ ಹೇಳಿದ್ದು ಇಷ್ಟು. ನಾವು ಕಳಿಸುವ ಫೋಟೋ, ರೈಲಿನ ರಿಸರ್ವೇಶನ್ನು, ಎಲ್ಲವೂ ಎಲ್ಲೋ ಒಂದು ಕಡೆ ಕಂಪ್ಯೂಟರುಗಳ ಹೊಟ್ಟೆಯಲ್ಲಿ ಇರುತ್ತವೆ. ಅವನ್ನು ಸಾಲಾಗಿ ಪೇರಿಸಿಟ್ಟ ಕಟ್ಟಡಕ್ಕೆ ಡೇಟಾ ಸೆಂಟರ್ ಎಂದು ಹೆಸರು. ಒಂದು ಗಳಿಗೆ ಬಿಡುವಿಲ್ಲದೆ ಓಡಿ ಅವು ಬಿಸಿಯಾಗುತ್ತವೆ. ಅವನ್ನು ತಣ್ಣಗಿಡಲಿಕ್ಕೇ ಊರಿಗಾಗುವಷ್ಟು ಕರೆಂಟು ಹೋಗುತ್ತದೆ. ಹಾಗಿದ್ದರೆ ಚಳಿ ಪುಕ್ಕಟೆ ಸಿಗುವ ಕಡೆಗೇ ಒಯ್ದು ಇಟ್ಟರೆ? ಲಡಾಖಿನ ಬೋಳು ಗುಡ್ಡದಲ್ಲಿ, ಹತ್ತಿರ ಮನೆಯಿಲ್ಲ, ರಿಪೇರಿಯವನಿಲ್ಲ, ಅಂಥ ಕಡೆ ಅದು ಬದುಕೀತೇ?

ಅದನ್ನು ನೋಡಲು ಕಾಲೇಜಿನವರು ಒಂದೇ ಒಂದು ಪೆಟ್ಟಿಗೆ ಕಳಿಸುವವರಿದ್ದರು. ಕಬ್ಬಿಣದ ಕಪಾಟಿನಷ್ಟು ದೊಡ್ಡದು, ಒಳಗೆ ಆರು ಕಂಪ್ಯೂಟರು. ಮೊದಲು ಇಲ್ಲೇ ಹದಿನೈದು ದಿನ ಚಳಿಯಲ್ಲಿ, ಯಾರೂ ಕೈ ಹಚ್ಚದೆ, ನಡೆಸಿ ತೋರಿಸಬೇಕು. ನಡೆದರೆ ಅವಳು ಪೆಟ್ಟಿಗೆಯ ಜೊತೆ ಹೋಗುತ್ತಾಳೆ. ನಿಂತರೆ ಆ ವಿಚಾರವೇ ಮುಗಿಯಿತು.

"ಅಜ್ಜಾ, ಥಂಡಿ ಪಾಹಿಜೆ. ಖೂಪ್ ಥಂಡಿ ಬೇಕು. ಎಲ್ಲಿ ಸಿಗ್ತದ?" ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಅರ್ಧ ಮರಾಠಿ.

"ನನ್ನ ಜನ್ಮ ಎಲ್ಲಾ ಥಂಡ್ಯಾಗ ಹೋಗೈತಿ," ಎಂದೆ. "ನಿಫಾಡಕ ಬಾ."

ವಿಜಾಪುರದ ಕಡೆಯಿಂದ ದ್ರಾಕ್ಷಿ ಕೆಲಸಕ್ಕೆಂದು ಬಂದ ನಾನು ಮೂವತ್ತು ವರ್ಷ ನಿಫಾಡಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ದ್ರಾಕ್ಷಿ ಕಾದವನು. ಮಳೆಗಾಲದಲ್ಲಿ ಆ ಕೋಣೆಗಳು ಖಾಲಿ. ಮಾಲೀಕರು ನನ್ನ ಮಾತಿಗೆ ಒಂದು ಸಣ್ಣ ಕೋಣೆ ಬಿಟ್ಟುಕೊಟ್ಟರು. ಪೆಟ್ಟಿಗೆ ಬಂತು, ಕೋಣೆ ತಣ್ಣಗಾಯಿತು, ಯಂತ್ರ ಗುಂಯ್ ಎಂದಿತು. ಅದು ಓಡುತ್ತಿದೆಯೋ ಇಲ್ಲವೋ ಎಂಬುದು ಔರಂಗಾಬಾದಿನಲ್ಲಿ ಕೂತೇ ಅವಳಿಗೆ ಗೊತ್ತಾಗುತ್ತಿತ್ತು. ನನಗೆ ಬೀಗದ ಕೈ ಕೊಟ್ಟು, ಏನೇ ಆದರೂ ಒಳಗೆ ಹೋಗಬೇಡ ಎಂದು ಹೇಳಿಯೇ ಬಸ್ಸು ಹತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಲೋಡ್‌ಶೆಡ್ಡಿಂಗ್ ಆಯಿತು. ಗುಂಯ್ ಎನ್ನುವುದು ನಿಂತಿತು. ಹೊರಗೆ ಜಿಟಿಜಿಟಿ ಮಳೆ. ನನ್ನ ಜೀವ ತಡೆಯಲಿಲ್ಲ. ಹೊರಗಿನ ಬಾಗಿಲು ತೆಗೆದೆ, ಅದನ್ನು ಮುಚ್ಚದೆ ಒಳಗಿನದನ್ನೂ ತೆಗೆದೆ, ಪೆಟ್ಟಿಗೆಯ ಕದವನ್ನೂ ತೆಗೆದು ಬ್ಯಾಟರಿಯ ಬೆಳಕು ಬಿಟ್ಟು ನೋಡುತ್ತ ನಿಂತೆ. ಏನು ನೋಡಿದೆನೋ, ನನಗೇನು ತಿಳಿಯುತ್ತದೆ ಅದರಲ್ಲಿ? ಮುಚ್ಚಿ ಹೊರಗೆ ಬಂದೆ. ಕರೆಂಟು ಬಂತು. ಗುಂಯ್ ಎಂದಿತು, ಚಿಟ್ ಎಂದಿತು, ಸುಮ್ಮನಾಯಿತು.

ಸಂಜೆ ಅವಳ ಫೋನು. "ಅಜ್ಜಾ, ಪೇಟಿ ಬಂದ್ ಪಡಲೀ. ಥಂಡಿ ಅದಕ್ಕ ತಡಕೊಳ್ಳಲಿಕ್ಕೆ ಆಗಲಿಲ್ಲ ಕಾಣ್ತದ. ಸರ್ ಹಂಗೇ ಬರದು ಕೊಡು ಅಂತಾರ." ಧ್ವನಿ ಸಣ್ಣದಾಗಿತ್ತು. ನಾನು ಹೂಂ ಎಂದೆ, ಅಷ್ಟೇ.

ತಾಟಿನ ಮುಂದೆ ರೊಟ್ಟಿ ಮುರಿಯದೆ ಕೂತವನನ್ನು ಹೆಂಡತಿ ಬಿಡಲಿಲ್ಲ. ಹೇಳಿದೆ.

"ಮೂವತ್ತು ವರ್ಸ ಮಂದಿಗೆಲ್ಲಾ ಬಾಗಲಾ ಮುಚ್ಚ್ರಿ, ಬಾಗಲಾ ಮುಚ್ಚ್ರಿ ಅಂತ ಬೈಕೋತ ತಿರಗಿದವ್ರು ನೀವು," ಎಂದಳು. "ಮೊಮ್ಮಗಳ ಪೆಟಗಿ ಅಂದಕೂಡ್ಲೇ ಎಲ್ಲಾ ಮರತ್ರಿ?"

"ಮರತೆ."

"ಹಂಗಾರ ಹೋಗಿ ಹೇಳ್ರಿ. ಫೋನಿನ್ಯಾಗ ಅಲ್ಲ, ಮಾರಿ ತೋರ್ಸಿ ಹೇಳ್ರಿ."

ಮರುದಿನ ಮೊದಲ ಎಸ್‌ಟಿ ಬಸ್ಸು ಹಿಡಿದು ಹೋದೆ. ಕಾಲೇಜಿನಲ್ಲಿ ಮೊಮ್ಮಗಳೂ ಅವಳ ಸರ್ ಕೂಡ ಒಂದು ಉದ್ದನೆಯ ಕಾಗದ ಹರವಿಕೊಂಡು ಕೂತಿದ್ದರು. ಅದರಲ್ಲಿ ಪೆಟ್ಟಿಗೆಯೊಳಗಿನ ಕಾವು ತೋರಿಸುವ ಒಂದು ಗೆರೆ ನೆಟ್ಟಗೆ ಹೋಗಿ, ನಿನ್ನೆ ಮಧ್ಯಾಹ್ನದ ಕಡೆ ಗೂನು ಬಿದ್ದಿತ್ತು.

"ಆ ಗೂನು ನಾನ," ಎಂದೆ. "ಬಾಗಲಾ ತಗದಿದ್ದೆ."

ಮೊಮ್ಮಗಳು ಕಾಗದದಿಂದ ತಲೆ ಎತ್ತಿದಳು. "ನೀನಾ ಅಜ್ಜಾ? ರಾತ್ರಿಯೆಲ್ಲಾ ಡೋಕಾ ಖರಾಬ್ ಮಾಡ್ಕೊಂಡೀನಿ ನಾ, ಈ ಗೆರಿ ಯಾಕ್ ಮ್ಯಾಲೆ ಹೋತು ಅಂತ."

ಸರ್ ಸಿಟ್ಟಾಗಲಿಲ್ಲ. "ಆಜೋಬಾ, ಬಸಾ," ಎಂದು ಕುರ್ಚಿ ಎಳೆದರು. ಬಾಗಿಲು ತೆಗೆದರೆ ದ್ರಾಕ್ಷಿಗೆ ಏನಾಗುತ್ತದೆ ಎಂದು ಕೇಳಿದರು. ಅದು ನನ್ನ ಪಾಠ. ತಣ್ಣಗಿರುವ ದ್ರಾಕ್ಷಿಗೆ ಮಳೆಗಾಲದ ಹಸಿ ಗಾಳಿ ತಾಗಿದರೆ ಹಣ್ಣಿನ ಮೇಲೆಲ್ಲ ಬೆವರು ಕೂರುತ್ತದೆ, ಬೆವರಿದ ಹಣ್ಣು ಉಳಿಯುವುದಿಲ್ಲ. ಪೆಟ್ಟಿಗೆಯ ಒಳಗೂ ಹಾಗೇ ಬೆವರು ಕೂತಿರಬೇಕು, ಆ ಹಸಿಯಲ್ಲೇ ಕರೆಂಟು ಹರಿದಿರಬೇಕು. ಅದಕ್ಕೇ ನಮ್ಮಲ್ಲಿ ಎರಡು ಬಾಗಿಲು, ನಡುವೆ ಸಣ್ಣ ಕೋಣೆ; ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು ಎಂದೆ.

ಸರ್ ಪೆನ್ನು ಕೆಳಗಿಟ್ಟರು. ಅಂದರೆ ಕೊಂದದ್ದು ಚಳಿಯಲ್ಲ, ಮನುಷ್ಯ ಎಂದರು. ಲಡಾಖಿನ ಗಾಳಿ ಒಣಗಾಳಿ, ನಿಜ. ಆದರೆ ಎಂದೋ ಒಮ್ಮೆ ರಿಪೇರಿಗೆ ಹೋಗುವವನು ಮೈಮೇಲೆ ಹಿಮ ಹೊತ್ತು, ಬಾಯಿಂದ ಉಸಿರು ಬಿಡುತ್ತ ಒಳಗೆ ನುಗ್ಗುತ್ತಾನೆ. ಅವನಿಗೂ ನನ್ನ ಹಾಗೆಯೇ ಜೀವ ತಡೆಯುವುದಿಲ್ಲ.

ಮೊಮ್ಮಗಳು ಆಗಲೇ ಕಾಗದದ ಹಿಂದೆ ಪೆಟ್ಟಿಗೆಗೆಂದು ಎರಡು ಬಾಗಿಲು ಬರೆಯುತ್ತಿದ್ದಳು. ಕರೆಂಟು ಬಂದ ಮೇಲೆ ಮೊದಲು ಫ್ಯಾನು ತಿರುಗಿ ಒಳಗೆಲ್ಲ ಒಣಗಬೇಕು, ಆಮೇಲೆ ಕಂಪ್ಯೂಟರು ಏಳಬೇಕು ಎಂದೂ ಬರೆದಳು.

ಸುಟ್ಟದ್ದನ್ನು ಬದಲಿಸಿ ಎರಡನೆಯ ಸಲ ಇಟ್ಟಾಗ ನಾನು ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟುಬಿಟ್ಟೆ. ದಿನಾ ರೈಲುಗಾಡಿಯಲ್ಲಿ ನಿಫಾಡಿಗೆ ಹೋಗಿ ಹೊರಗೆ ಸ್ಟೂಲಿನ ಮೇಲೆ ಕೂರುವುದು, ಗುಂಯ್ ಕೇಳುವುದು. ನಾಲ್ಕು ಸಲ ಕರೆಂಟು ಹೋಯಿತು. ಪ್ರತಿ ಸಲ ನನ್ನ ಅಂಗೈಯೇ ಬೆವರಿತು. ಪ್ರತಿ ಸಲ ಮೊದಲು ಫ್ಯಾನಿನ ಸದ್ದು, ಆಮೇಲೆ ಗುಂಯ್. ಹದಿನೈದು ದಿನ ತುಂಬಿತು. ಕಾಲೇಜಿನ ದೊಡ್ಡವರು ಕೂತು ನಿಶ್ಚಯ ಮಾಡಲು ಮತ್ತೊಂದು ತಿಂಗಳು ಹಿಡಿಯಿತು. ಆಮೇಲೆ ಆ ಫೋನು: "ಅಜ್ಜಾ, ಆಪಲೀ ಪೇಟಿ ಲಡಾಖ್‌ಲಾ ಚಾಲ್ಲೀ. ನಾನೂ ಹೊಂಟೀನಿ."

ಸಂಜೆ ಹೊತ್ತಿಗೆ ಅವಳೂ ಬಸ್ಸಿಳಿದು ಬಂದಳು. ಓಝರಿನ ವಿಮಾನ ಕಾರ್ಖಾನೆಯಿಂದ ಮಗ ಬಂದ. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಸೊಸೆ ರೊಟ್ಟಿ ಬಡಿದಿದ್ದಳು, ಹೆಂಡತಿ ಶೇಂಗಾ ಹೋಳಿಗೆ ಮಾಡಿದ್ದಳು.

"ಅಲ್ಲಿ ಖಂಡಿತ ನಡೀತೈತಿ ಹೌದಿಲ್ಲ?" ಎಂದು ಕೇಳಿದೆ.

"ಮಾಹೀತ್ ನಾಹೀ ಅಜ್ಜಾ. ಇಲ್ಲಿ ಥಂಡಿ ಸಿಕ್ತು, ಅಲ್ಲೀ ಹವಾ ಸಿಗಲಿಲ್ಲ. ಅಲ್ಲಿ ಹವಾ ಪಾತಳ, ಅಂದ್ರ ತೆಳ್ಳಗ, ಫ್ಯಾನ್ ಎಷ್ಟ ತಿರಗಿದ್ರೂ ಕಾವು ಜಲ್ದಿ ಹೋಗೂದಿಲ್ಲ. ಅದನ್ನ ನೋಡ್ಲಿಕ್ಕೇ ಹೊಂಟೀನಿ."

ಗೊತ್ತಿಲ್ಲ ಎನ್ನುವಾಗಲೂ ಅವಳ ಮುಖ ಅರಳಿತ್ತು. ನನಗೆ ಅದೇ ಹೊಟ್ಟೆ ತುಂಬಿಸಿತು.

ಹೆಂಡತಿ ಎಲ್ಲರಿಗೂ ಹೋಳಿಗೆ ಹಾಕುತ್ತ ನನ್ನ ತಾಟು ದಾಟಿಕೊಂಡು ಹೋದಳು. "ಬಾಗಲಾ ತಗದವ್ರಿಗೆ ಕಡೀಕ," ಎಂದಳು. ಮಗ ನಕ್ಕು ನೀರು ನೆತ್ತಿಗೇರಿಸಿಕೊಂಡ. ಮೊಮ್ಮಗಳು ತನ್ನ ಹೋಳಿಗೆ ಮುರಿದು ಅರ್ಧ ನನ್ನ ತಾಟಿಗೆ ಹಾಕಿ, ಅದರ ಮೇಲೆ ತಾನೇ ತುಪ್ಪ ಬಿಟ್ಟಳು. ಬಿಸಿ ಇತ್ತು. ಎಲ್ಲರೂ ತಿನ್ನತೊಡಗಿದೆವು.