ಹೊರಟದ್ದು ಬುಧವಾರ

ಪಾಯಿಂಟ್ಸ್ ಎಂದರೆ ದುಡ್ಡಲ್ಲ. ಇದನ್ನು ನನಗೆ ಎಷ್ಟೋ ಜನ ಹೇಳಿದ್ದಾರೆ, ಎಲ್ಲರೂ ಒಂದೇ ನಗುಮುಖದಲ್ಲಿ, ಒಂದೇ ಮೆತ್ತನೆಯ ದನಿಯಲ್ಲಿ. ದುಡ್ಡಲ್ಲದಿದ್ದರೆ ಮತ್ತೇನು ಎಂದು ಕೇಳಿದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ನಗರ್ತಪೇಟೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಲೇಸು, ಗುಂಡಿ, ಸೀರೆಯ ಫಾಲ್ಸು, ಲೈನಿಂಗ್ ಬಟ್ಟೆ ಮಾರುತ್ತೇನೆ. ಮೀಟರಿಗೆ ಇಷ್ಟು ಎಂದರೆ ಇಷ್ಟು. ಬೇಕಾದರೆ ತಗೊಳ್ಳಿ, ಬೇಡವಾದರೆ ಮುಂದಿನ ಅಂಗಡಿಗೆ ಹೋಗಿ. ಅಂಥವಳ ಕೈಗೆ ನನ್ನ ಅಕ್ಕ ಒಂದು ಹಾಲಿಡೇ ಕ್ಲಬ್ಬಿನ ಪಾಯಿಂಟ್ಸ್ ವ್ಯವಹಾರವನ್ನು ಕೊಟ್ಟು, "ನೀನು ವ್ಯಾಪಾರ ಮಾಡೋಳು, ನಿಂಗೆ ಅರ್ಥ ಆಗತ್ತೆ, ನೋಡು" ಎಂದುಬಿಟ್ಟಳು. ಅರ್ಥವಾಗುವುದಿರಲಿ, ತಲೆ ಕೆಟ್ಟು ಕೆರ ಹಿಡಿದುಹೋಯಿತು.

ಪಾಯಿಂಟ್ಸ್ ಕೊಂಡವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ತುಂಬಾ ಮೆದು ಮನುಷ್ಯ. ಒಂದು ದಿನ ಫೋನ್ ಬಂತಂತೆ: ನಿಮಗೆ ಬಹುಮಾನ ಬಂದಿದೆ, ಬಂದು ತಗೊಂಡು ಹೋಗಿ, ಆದರೆ ಗಂಡ ಹೆಂಡತಿ ಇಬ್ಬರೂ ಬರಲೇಬೇಕು. ಹೋದರು. ಹೋಟೆಲಿನ ಎಸಿ ಹಾಲ್‌ನಲ್ಲಿ ಸಮೋಸ ಕೊಟ್ಟು, ಟೈ ಕಟ್ಟಿದವನೊಬ್ಬ ಮಧ್ಯಾಹ್ನವಿಡೀ ಜೀವ ತಿಂದನಂತೆ. ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುತ್ತಿದ್ದ ಭಾವ ಅಲ್ಲಿ ತೆಪ್ಪಗೆ ಸಹಿ ಹಾಕಿ ಬಂದರು. ಬಹುಮಾನ ಒಂದು ಹಾಟ್ ಬಾಕ್ಸ್. ಆಟೋದಲ್ಲಿ ಬಸವನಗುಡಿಯ ಮನೆ ತಲುಪುವವರೆಗೂ ಅಕ್ಕ ಅದನ್ನು ಇಬ್ಬರ ನಡುವೆ ಇಟ್ಟು ಕೂತಿದ್ದಳು.

ಆಮೇಲೆ ಭಾವ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದ್ದರು. ವರ್ಷವರ್ಷವೂ ನಮ್ಮ ಹೆಸರಿಗೆ ಪಾಯಿಂಟ್ಸ್ ಬಂದು ಬೀಳುತ್ತವೆ. ಅದನ್ನು ಕೊಟ್ಟು ಕ್ಲಬ್ಬಿನ ಯಾವ ಊರಿನ ರೆಸಾರ್ಟಿನಲ್ಲಾದರೂ ರೂಮು ತಗೋಬಹುದು. ರಜಾದಿನಗಳಲ್ಲಿ ಜಾಸ್ತಿ ಪಾಯಿಂಟ್ಸ್, ಮಳೆಗಾಲದಲ್ಲಿ ಕಮ್ಮಿ. ಸಮುದ್ರ ಕಾಣುವ ರೂಮಿಗೆ ಜಾಸ್ತಿ, ಕಾರು ನಿಲ್ಲಿಸುವ ಜಾಗ ಕಾಣುವ ರೂಮಿಗೆ ಕಮ್ಮಿ. ಬಳಸದಿದ್ದರೆ ಮುಂದಿನ ವರ್ಷಕ್ಕೆ ಹೋಗುತ್ತವೆ, ಆಗಲೂ ಬಳಸದಿದ್ದರೆ ಮಂಗಮಾಯ.

"ಅಂದ್ರೆ ರೂಮು ನಮ್ದಾ, ಭಾವ?"

"ನಮ್ದಲ್ಲ."

"ಬಾಡಿಗೆಗಾ?"

"ಬಾಡಿಗೇನೂ ಅಲ್ಲ ಕಣಮ್ಮ. ವರ್ಷಕ್ಕೊಂದ್ಸಲ ಮೇಂಟೆನೆನ್ಸ್ ಕಟ್ಬೇಕು, ಅಷ್ಟೇ."

"ನಮ್ದಲ್ಲದ ರೂಮಿಗೆ ನಾವ್ಯಾಕ್ರೀ ಮೇಂಟೆನೆನ್ಸ್ ಕಟ್ಬೇಕು?" ಎಂದು ಅಕ್ಕ ರೇಗಿದಳು. ಭಾವ ನಕ್ಕರು.

ವರ್ಷಗಟ್ಟಲೆ ಅವರು ಎಲ್ಲಿಗೂ ಹೋಗಲಿಲ್ಲ. ಒಂದು ವರ್ಷ ಕಚೇರಿಯಲ್ಲಿ ಆಡಿಟ್, ಒಂದು ವರ್ಷ ಯಾರದೋ ಮದುವೆ, ಇನ್ನೊಂದು ವರ್ಷ ಮನೆಗೆ ಸುಣ್ಣಬಣ್ಣ. ಪಾಯಿಂಟ್ಸ್ ಬಂದವು, ಹೋದವು. ಭಾವ ಮಾತ್ರ ಕ್ಲಬ್ಬಿನ ಬಣ್ಣದ ಪುಸ್ತಕದಲ್ಲಿ ಕಾರವಾರದ ಕಡೆಯ ಒಂದು ರೆಸಾರ್ಟಿನ ಚಿತ್ರ ತೋರಿಸಿ, "ಈ ಬಾಲ್ಕನೀಲಿ ಕೂತು ಕಾಫಿ ಕುಡೀಬೇಕು ನೋಡು" ಎನ್ನುತ್ತಿದ್ದರು. ಇಬ್ಬರೂ ಸಮುದ್ರ ನೋಡಿದವರೇ ಅಲ್ಲ. ರಿಟೈರ್ ಆದಮೇಲೆ ಕೊನೆಗೂ ಆ ರೂಮು ಬುಕ್ ಮಾಡಿದರು. ಸಿಕ್ಕಿದ್ದು ಶುಕ್ರವಾರಕ್ಕೆ, ಬಸ್ಸು ಅವತ್ತೇ ಬೆಳಿಗ್ಗೆ. ಶುಕ್ರವಾರ ಪಶ್ಚಿಮಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದು ಎಂದು ನಮ್ಮ ಕಡೆ ಲೆಕ್ಕ. ಅದಕ್ಕೊಂದು ಉಪಾಯವೂ ಉಂಟು: ಪ್ರಸ್ಥಾನ ಇಡುವುದು. ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿ, ಒಂದು ಜೊತೆ ಬಟ್ಟೆ, ಒಂದು ಹಿಡಿ ಅಕ್ಕಿ, ಅರಿಸಿನದ ಕೊಂಬು ಹಾಕಿದ ಚೀಲವನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿಟ್ಟು ಬಂದರೆ, ಅಲ್ಲಿಗೆ ನಾವು ಹೊರಟ ಹಾಗೆಯೇ. ಆಮೇಲೆ ಯಾವ ವಾರ ಬಸ್ಸು ಹತ್ತಿದರೂ ದೋಷವಿಲ್ಲ. ಭಾವ ಬುಧವಾರ ಬೆಳಿಗ್ಗೆ ಚೀಲ ಎದುರು ಮನೆಯಲ್ಲಿಟ್ಟು ಬಂದರು. ಗುರುವಾರ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೆಯೇ ಒರಗಿಕೊಂಡರು. ಎದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕರ್ಮಗಳೆಲ್ಲ ಕಳೆದಮೇಲೆ ಎದುರು ಮನೆಯಾಕೆ ಚೀಲ ತಂದು, ಜಗುಲಿಯ ಮೇಲಿಟ್ಟು ಹೋದರು.

ಇದಾಗಿ ಎರಡು ವರ್ಷ. ಸದಸ್ಯತ್ವ ಅಕ್ಕನ ಹೆಸರಿಗೆ ಬಂದಿತ್ತು. ಈ ವರ್ಷ ಕ್ಲಬ್ಬಿನವನು ಫೋನ್ ಮಾಡಿ, ಉಳಿದಿರುವ ಪಾಯಿಂಟ್ಸ್ ವರ್ಷದ ಕೊನೆಗೆ ಸಾಯುತ್ತವೆ, ಇನ್ನು ಹೊಸದಾಗಿ ಬರುವುದೂ ಇಲ್ಲ, ಅವಧಿ ಮುಗಿಯಿತು ಎಂದ. ಅಕ್ಕ ಮಾರನೇ ದಿನವೇ ನನ್ನ ಚಾಮರಾಜಪೇಟೆಯ ಮನೆಗೆ ಬಂದಳು.

"ಅದೇ ಊರು, ಅದೇ ರೂಮು. ನೀನೂ ಬಾ. ಅವರ ಪಾಯಿಂಟ್ಸಲ್ಲೇ ಹೋಗ್ಬೇಕು, ಒಂದು ಲೋಟ ಕಾಫಿ ಕುಡ್ಕೊಂಡು ಬಂದ್ಬಿಡೋಣ."

ಅಕ್ಕ ಯಾವತ್ತೂ ಏನನ್ನೂ ಕೇಳಿದವಳಲ್ಲ. ನಾನು ತಕ್ಷಣ ಹೂಂ ಎಂದೆ. ಬುಕ್ ಮಾಡುವಾಗ ಫೋನಿನ ಪರದೆ ಪ್ರಯಾಣದ ಇನ್ಶೂರೆನ್ಸ್ ಬೇಕೇ ಎಂದು ಕೇಳಿತು. ಬೇಕು ಎಂದು ಒತ್ತಿದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ನನ್ನ ಅಂಗಡಿಯ ಬೀದಿಯಲ್ಲಿ ಸ್ಕೂಟರ್ ಇನ್ಶೂರೆನ್ಸ್ ಮಾಡಿಸಿಕೊಡುವ ಏಜೆಂಟರೊಬ್ಬರಿದ್ದಾರೆ. ಅವರನ್ನು ಕೂರಿಸಿ, ಟೀ ತರಿಸಿ ಕೇಳಿದೆ.

"ಇನ್ಶೂರೆನ್ಸ್ ಅಂದ್ರೆ ತುಂಬಾ ಸಿಂಪಲ್ ಮೇಡಂ. ನಿಮಗೇನು ಲಾಸ್ ಆಯ್ತೋ ಅದನ್ನ ಕೊಡ್ತಾರೆ. ನಿಮಗೇನು ಲಾಸ್ ಆಗತ್ತೆ?"

"ಪಾಯಿಂಟ್ಸ್."

"ಅದಕ್ಕೆ ರೇಟೆಷ್ಟು?"

"ರೇಟಿಲ್ಲವಂತೆ. ದುಡ್ಡಲ್ಲವಂತೆ."

"ರೇಟಿಲ್ದೇ ಇರೋದು ಲಾಸ್ ಹೇಗಾಗತ್ತೆ ಮೇಡಂ?"

"ಅದನ್ನೇ ಅಲ್ವೇನ್ರೀ ನಾನು ನಿಮ್ಮನ್ನ ಕೇಳ್ತಿರೋದು!"

ಅವರು ಟೀ ಕುಡಿದು, ಸ್ಕೂಟರ್ ಇದ್ದರೆ ಹೇಳಿ ಎಂದು ಎದ್ದು ಹೋದರು. ಕ್ಲಬ್ಬಿಗೆ ಫೋನ್ ಮಾಡಿದರೆ ಇನ್ಶೂರೆನ್ಸ್‌ನವರನ್ನು ಕೇಳಿ ಎಂದರು. ಇನ್ಶೂರೆನ್ಸ್‌ನವರು ಕ್ಲಬ್ಬನ್ನು ಕೇಳಿ ಎಂದರು. ನಾನು ಇಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದೆ, ಅವರು ಇಬ್ಬರೂ "ಧನ್ಯವಾದಗಳು" ಎಂದರು. ಹಟ ಹಿಡಿದು, ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಆ ಪಾಲಿಸಿಯನ್ನು ಓದಿದೆ. ಕೊನೆಗೆ ಒಂದೇ ಒಂದು ಸಂಗತಿ ತಲೆಗೆ ಹತ್ತಿತು. ಕಾಯಿಲೆ ಕಸಾಲೆ ಬಂದೋ ಏಟು ಬಿದ್ದೋ, ಹೊರಡುವ ಮುಂಚೆ ಪ್ರಯಾಣ ನಿಂತರೆ ಅದು ಕ್ಯಾನ್ಸಲ್. ಹಾಗೆಂದು ಇನ್ಶೂರೆನ್ಸ್‌ನವರು ಒಪ್ಪಿದರೆ ಕ್ಲಬ್ಬು ಪಾಯಿಂಟ್ಸ್ ವಾಪಸ್ ಹಾಕಿ, ಬಳಸಲು ಇನ್ನೊಂದಿಷ್ಟು ಕಾಲಾವಕಾಶವನ್ನೂ ಕೊಡುತ್ತದೆ. ಹಾಗೆ ವಾಪಸ್ ಹಾಕುವುದಕ್ಕೆ ಅದು ಕೇಳುವ ಶುಲ್ಕವನ್ನು ಇನ್ಶೂರೆನ್ಸ್‌ನವರು ಕಟ್ಟುತ್ತಾರೆ. ಹೊರಟಮೇಲೆ ನಿಂತರೆ ಪಾಯಿಂಟ್ಸ್ ಬಳಸಿದ ಹಾಗೆಯೇ ಲೆಕ್ಕ. ಮನೆಗೆ ವಾಪಸ್ ಬರುವ ಖರ್ಚು ಮಾತ್ರ ಕೊಡುತ್ತಾರೆ. ಇಷ್ಟು ತಿಳಿದದ್ದೇ ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಅಕ್ಕನಿಗೂ ಹೇಳಿದೆ. ಅವಳು ಹಪ್ಪಳ ಕರಿಯುತ್ತಾ ಹೂಂಗುಟ್ಟಿದಳು.

ಈ ಸಲವೂ ರೂಮು ಸಿಕ್ಕಿದ್ದು ಶುಕ್ರವಾರಕ್ಕೇ. ಮಂಗಳವಾರವೇ ನಾನು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಬಂದಿದ್ದೆ. ಅಕ್ಕ ಬುಧವಾರ ಬೆಳಿಗ್ಗೆ ಪ್ರಸ್ಥಾನದ ಚೀಲ ಹಿಡಿದು ಎದುರು ಮನೆಗೆ ಹೊರಟಾಗ ಬಾಗಿಲವರೆಗೂ ಹಿಂದೆ ಓಡಿದೆ. "ಮತ್ತೆ ಅದ್ಯಾಕೆ ಅಕ್ಕ?" ಎಂದೆ. ಅವಳು ತಿರುಗಿಯೂ ನೋಡಲಿಲ್ಲ. ಗುರುವಾರ ಸಂಜೆ ದಾರಿಗೆ ಬಾಳೆಕಾಯಿ ಚಿಪ್ಸ್ ತರುತ್ತೇನೆಂದು ಗಾಂಧಿ ಬಜಾರಿಗೆ ಹೋದವಳು, ಅಗೆದು ಹಾಗೇ ಬಿಟ್ಟಿದ್ದ ಫುಟ್‌ಪಾತಿನಲ್ಲಿ ಕಾಲು ಮಡಚಿ ಬಿದ್ದಳು. ಪಾದದ ಮೇಲಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿ ಆಟೋದಲ್ಲಿ ಕರೆತರುವಾಗ ಅವಳು ನೋವೆಂದು ಅಳಲಿಲ್ಲ. "ಪಾಯಿಂಟ್ಸ್ ಹೋಯ್ತೇನೇ?" ಎಂದು ಕೇಳಿದಳು.

"ಹೋಗಲ್ಲ ಬಿಡು. ನಾವಿನ್ನೂ ಹೊರಟಿಲ್ವಲ್ಲ, ಕ್ಯಾನ್ಸಲ್ ಆಗತ್ತೆ" ಎಂದೆ, ಪಾಲಿಸಿ ಅರೆದು ಕುಡಿದವಳ ಗತ್ತಿನಲ್ಲಿ. ಅಕ್ಕ ಮುಖವನ್ನು ಆಟೋದ ಹೊರಗೆ ತಿರುಗಿಸಿಕೊಂಡಳು. ನೋವಿಗೆ ಎಂದುಕೊಂಡೆ.

ನಾನು ಕ್ಲೇಮ್ ಹಾಕಿದ್ದಕ್ಕೆ ಶನಿವಾರ ಇನ್ಶೂರೆನ್ಸ್ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಸದಸ್ಯರೇ ಮಾತಾಡಬೇಕಂತೆ, ಮಾತೆಲ್ಲ ರೆಕಾರ್ಡ್ ಆಗುತ್ತದಂತೆ. ಸ್ಪೀಕರ್ ಹಾಕಿ ಅಕ್ಕನ ಮುಂದೆ ಹಿಡಿದೆ. ಹೆಸರು, ವಿಳಾಸ, ಬಿದ್ದದ್ದು ಎಲ್ಲಿ, ಯಾವಾಗ, ಎಲ್ಲ ಸಲೀಸಾಗಿ ಆಯಿತು.

"ನೀವು ಪ್ರಯಾಣ ಹೊರಟಿದ್ದು ಯಾವಾಗ ಆಂಟಿ?"

"ಬುಧವಾರ ಬೆಳಿಗ್ಗೆ" ಎಂದಳು ಅಕ್ಕ.

ನಾನು ಎರಡೂ ಕೈ ಆಡಿಸಿದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ.

"ಬಿದ್ದಿದ್ದು ಗುರುವಾರ ಅಂದ್ರಿ. ಅಂದ್ರೆ ಹೊರಟ ಮೇಲೆ ಬಿದ್ರಾ?"

"ಹೌದಮ್ಮ."

"ಗುರುವಾರ ನೀವು ಯಾವ ಊರಲ್ಲಿದ್ರಿ?"

"ಇಲ್ಲೇ. ಗಾಂಧಿ ಬಜಾರಲ್ಲಿ."

ಆ ಕಡೆ ಹುಡುಗಿ ಕಕ್ಕಾಬಿಕ್ಕಿ. ನಾನು ಫೋನ್ ಕಿತ್ತುಕೊಂಡೆ. "ನೋಡಮ್ಮ, ಹೊರಟಿದ್ದು ಚೀಲ. ನಾವು ಹೊರಟಿರ್ಲಿಲ್ಲ."

"ಲಗೇಜ್ ಮೊದಲೇ ಕಳಿಸಿದ್ರಾ ಮೇಡಂ? ಕೊರಿಯರಲ್ಲಾ?"

"ಕೊರಿಯರ್ ಅಲ್ಲಮ್ಮ, ಕೈಯಲ್ಲಿ. ಎದುರು ಮನೆಗೆ."

"ಎದುರು ಮನೆಯವರೂ ಟ್ರಿಪ್‌ಗೆ ಬರ್ತಿದ್ರಾ?"

ಅಯ್ಯೋ ಶಿವನೇ! ಪ್ರಸ್ಥಾನ ಎಂದರೇನು, ಶೂಲ ಎಂದರೇನು, ಎಲ್ಲ ಹೇಳಿದೆ. ಪಾಯಿಂಟ್ಸ್ ಎಂದರೇನು ಎಂದು ನನಗೆ ಹೇಳಿದವರ ದನಿಯಲ್ಲೇ ಹೇಳುತ್ತಿದ್ದೇನೆ ಎಂದು ನನಗೇ ಕೇಳಿಸಿತು. ಹುಡುಗಿ ಒಳ್ಳೆಯವಳು. "ಮೇಡಂ, ಸೋಮವಾರ ಇನ್ನೊಂದ್ಸಲ ಮಾಡ್ತೀನಿ. ಆಂಟಿ ಹತ್ರ ಮಾತಾಡಿಟ್ಕೊಳ್ಳಿ. ಹೊರಟಿರ್ಲಿಲ್ಲ ಅಂತ ಅಂದ್ಬಿಟ್ರೆ ಕ್ಯಾನ್ಸಲ್ ಅಂತ ಹಾಕ್ತೀನಿ, ಪಾಯಿಂಟ್ಸ್ ವಾಪಸ್ ಬರತ್ತೆ. ಹೊರಟಿದ್ವಿ ಅಂದ್ರೆ ನಾನೇನೂ ಮಾಡಕ್ಕಾಗಲ್ಲ" ಎಂದಳು.

ಫೋನ್ ಇಟ್ಟ ಮೇಲೆ ಅಕ್ಕನ ಮೇಲೆ ಹರಿಹಾಯ್ದೆ. "ನಿಂಗೇನು ಬಂದಿದೆ ರೋಗ? ಅಷ್ಟು ಹೇಳಿದ್ನಲ್ಲ! ಪಾಯಿಂಟ್ಸ್ ಹೋದ್ರೆ ರೂಮೂ ಇಲ್ಲ, ಬಾಲ್ಕನೀನೂ ಇಲ್ಲ. ಒಂದು ಮಾತು, ಹೊರಟಿರ್ಲಿಲ್ಲ ಅಂತ ಒಂದೇ ಒಂದು ಮಾತು!"

"ಪ್ರಸ್ಥಾನ ಇಟ್ಟಮೇಲೆ ಹೊರಟಿರ್ಲಿಲ್ಲ ಅಂತ ಹೇಗೆ ಹೇಳ್ಲಿ?"

"ಅದು ನಮಗೆ ಅಕ್ಕ. ಇನ್ಶೂರೆನ್ಸ್‌ಗಲ್ಲ. ಯಾರ್ ಕೇಳ್ತಾರೆ ಚೀಲಾನ?"

ನಾನು ಎದ್ದು ಅಡಿಗೆಮನೆಗೆ ಹೋಗುವವಳಿದ್ದೆ, ಅಕ್ಕ ಕೈ ಹಿಡಿದು ನಿಲ್ಲಿಸಿದಳು.

"ನಾನು ಹೊರಟಿರ್ಲಿಲ್ಲ ಅಂದ್ರೆ ಅವರೂ ಹೊರಟಿರ್ಲಿಲ್ಲ ಅಂತಾಗತ್ತೆ ಕಣೆ. ಅವರೂ ಬುಧವಾರಾನೇ ಅಲ್ವಾ ಇಟ್ಟಿದ್ದು? ಅಷ್ಟು ವರ್ಷ ಆಸೆಪಟ್ಟು ಎಲ್ಲಿಗೂ ಹೊರಡದೇ ಮನೇಲೇ ಸತ್ರು ಅಂತ ನನ್ ಬಾಯಲ್ಲಿ ಹೇಳಿಸ್ಬೇಡ. ಅವರು ಹೊರಟಿದ್ರು. ದಾರೀಲಿ ಹೋದ್ರು."

ಪಾಲಿಸಿಯಲ್ಲಿ ಹೊರಡುವುದಕ್ಕೊಂದು ಅರ್ಥ ಬರೆದಿದೆ, ಅದು ತಪ್ಪೂ ಅಲ್ಲ. ಅಕ್ಕ ಹೇಳಿದ್ದು ತಪ್ಪು ಎನ್ನಲೂ ನನ್ನಿಂದಾಗಲಿಲ್ಲ. ಭಾನುವಾರವೆಲ್ಲ ಅದನ್ನೇ ಯೋಚಿಸಿ ಯೋಚಿಸಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ಸೋಮವಾರ ಫೋನ್ ಬಂತು. ಸದಸ್ಯರ ಮಾತು ಆಗಲೇ ರೆಕಾರ್ಡ್ ಆಗಿದೆ, ಈಗ ನೀವೇ ಹೇಳಿದರೂ ನಡೆಯುತ್ತದೆ ಎಂದಳು ಹುಡುಗಿ. ಅಕ್ಕ ಒಳಗೆ ಮಂಚದ ಮೇಲಿದ್ದಳು, ನಾನು ಹಜಾರದಲ್ಲಿದ್ದೆ. ಹೊರಟಿರಲಿಲ್ಲ ಎಂದು ಪಿಸುಗುಟ್ಟಿದ್ದರೆ ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ಪಾಯಿಂಟ್ಸ್ ಉಳಿಯುತ್ತಿದ್ದವು, ಆ ರೂಮೂ ಸಿಗುತ್ತಿತ್ತು.

"ಟ್ರಿಪ್ ಸ್ಟಾರ್ಟ್ ಆಗಿತ್ತಾ ಮೇಡಂ?"

"ಆಗಿತ್ತಮ್ಮ" ಎಂದೆ, ಒಳಗೆ ಕೇಳಿಸುವಷ್ಟು ಜೋರಾಗಿ. "ಬುಧವಾರ ಬೆಳಿಗ್ಗೆ."

"ಪಾಯಿಂಟ್ಸ್ ವಾಪಸ್ ಬರಲ್ಲ. ಯೋಚನೆ ಮಾಡಿ ಹೇಳ್ತಿದೀರಲ್ಲಾ?"

"ಮಾಡಿದೀನಿ. ಬರ್ಕೋ."

ಆ ಕಡೆ ಕೀಲಿಮಣೆ ಟಕಟಕ ಎಂದಿತು. "ಸರಿ ಮೇಡಂ. ಇದೊಂದು ಕಾಲಮ್ ಇದೆ. ಪ್ರಯಾಣ ಎಲ್ಲಿ ಮುಗೀತು?"

ಫೋನ್ ಹಿಡಿದೇ ಒಳಗೆ ಹೋದೆ. "ಅಕ್ಕ, ಪ್ರಯಾಣ ಎಲ್ಲಿ ಮುಗೀತು ಅಂತ ಕೇಳ್ತಿದಾಳೆ."

ಅಕ್ಕ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಳ್ಳುತ್ತಿದ್ದಳು. "ಎಲ್ಲಿ ಮುಗೀತು?" ಎಂದಳು, ನನ್ನನ್ನೇ ಗದರುವ ಹಾಗೆ. "ಮುಗಿದಿಲ್ಲ ಅಂತ ಹೇಳು. ಕಾಲು ಕೂಡ್ಕೊಂಡ ಮೇಲೆ ಬಸ್ಸಲ್ಲಿ ಹೋಗ್ತೀವಿ."

ನಾನು ಫೋನ್ ಮಂಚದ ಮೇಲಿಟ್ಟು ಅವಳ ಕಾಲಿನ ದಿಂಬು ಸರಿಮಾಡಲು ಬಗ್ಗಿದೆ. "ಹಲೋ ಮೇಡಂ, ಏನಂತ ಹಾಕ್ಲಿ?" ಎಂದು ಹುಡುಗಿ ಕೇಳುತ್ತಲೇ ಇದ್ದಳು.