ರೂಟರಿನೊಳಗೆ ಬರೆದಿಟ್ಟ ನಂಬರು

ನಮ್ಮ ಸೋಲದೇವನಹಳ್ಳಿಯಲ್ಲಿ ಈಗ ಯೋಗಾನಂದನ ಮೇಲೆ ಒಂದು ದೂರು ಹುಟ್ಟಿಕೊಂಡಿದೆ. ಇಂಟರ್ನೆಟ್ ಬರುತ್ತಿಲ್ಲ ಎಂದು ಕರೆದರೆ ಬರುತ್ತಾನೆ, ನೋಡುತ್ತಾನೆ, ‘ವೈರೆಲ್ಲ ಸರಿಯಾಗಿದೆ, ಆ ಒಂದು ಸೈಟು ಮಾತ್ರ ತೆರೀತಿಲ್ಲ, ನಾಳೆವರೆಗೆ ಕಾಯಿರಿ’ ಎಂದು ಹೇಳಿ ಹೊರಟುಬಿಡುತ್ತಾನಂತೆ. ಸೋಮಾರಿಯಾದ, ಕೊಬ್ಬು ಬಂತು ಎಂದು ನನ್ನ ಜೆರಾಕ್ಸ್ ಅಂಗಡಿಯ ಮುಂದೆಯೇ ನಿಂತು ಆಡಿಕೊಳ್ಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ಯಾಕೆ ಹಾಗಾದ ಎಂದು ಇವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಯೋಗಾನಂದ ಇದೇ ಊರಿನವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಒಂದು ಕಾಲೇಜಿನ ಬಸ್ಸುಗಳು ನಿಲ್ಲುತ್ತವೆ. ಟಿ.ವಿ. ಕೇಬಲ್ ಎಳೆಯಲು ಕಂಬ ಹತ್ತಿದವನು, ಕೇಬಲ್ಲಿನ ಕಾಲ ಮುಗಿದ ಮೇಲೆ ಅದೇ ಕಂಬಗಳ ಮೇಲೆ ಇಂಟರ್ನೆಟ್ ವೈರು ಎಳೆದ. ಆಗಲಿಲ್ಲ ಎಂದು ಹೇಳಿ ಮೆಟ್ಟಿಲಿಳಿಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮೊದಲು ರೂಟರಿನ ದೀಪ ನೋಡುವನು, ಆಮೇಲೆ ವೈರು ಕಿತ್ತು ಹಾಕುವನು, ಆಮೇಲೆ ಬೇರೆ ನಾಲ್ಕು ಸೈಟು ತೆರೆದು ನೋಡುವನು. ಕೆಲಸ ಮಾಡುತ್ತಲೇ ಮನೆಯವರಿಗೆ ಪಾಠವೂ ನಡೆಯುತ್ತಿತ್ತು. ಯಾರಿಗೆ ಬೇಕಿತ್ತೋ ಆ ಪಾಠ, ಆದರೆ ಅವನು ಹೇಳಿದರೆ ಎಂಥವರಿಗೂ ಅರ್ಥವಾಗುತ್ತಿತ್ತು.

“ಯಶವಂತಪುರದ ಮಂಡಿಗೆ ಓಗಿದೀರಲ್ಲ? ಇಂಥ ಸಾಹುಕಾರ್ರ ಅಂಗಡಿ ಎಲ್ಲಿ ಅಂದ್ರೆ ಹಮಾಲಿಗಳು ಅಂಗಡಿ ನಂಬರ್ ಹೇಳ್ತಾರೆ. ಇದೂ ಇಂಗೇನೇ. ನೀವು ಸೈಟಿನ ಹೆಸರು ಒತ್ತುತೀರ. ಅದರ ನಂಬರ್ ಹೇಳೋಕೆ ಎಲ್ಲೋ ಒಂದು ಯಂತ್ರ ಕೂತಿರುತ್ತೆ. ಅದು ಬಾಯಿ ಬಿಡಲಿಲ್ಲ ಅನ್ನಿ, ಅಂಗಡಿ ತೆರೆದಿದ್ರೂ ನಿಮಗೆ ಸಿಗಲ್ಲ.”

ಆ ಯಂತ್ರ ಬಾಯಿ ಬಿಡದಿದ್ದಾಗ ಅವನದೊಂದು ಒಳದಾರಿ ಇತ್ತು. ಬೇರೆ ಕಂಪನಿಯ ಲೈನು ಇರುವ ನನ್ನ ಅಂಗಡಿಗೆ ಫೋನ್ ಮಾಡಿ, “ಭೂಷಣಣ್ಣ, ಈ ಸೈಟಿನ ನಂಬರ್ ನೋಡಿ ಹೇಳು” ಎನ್ನುವನು. ನಾನು ಓದಿ ಹೇಳುವೆನು. ಅವನು ಆ ಮನೆಯ ರೂಟರಿನೊಳಗೆ ಸೈಟಿನ ಹೆಸರನ್ನೂ ಅದರ ಮುಂದೆ ನಂಬರನ್ನೂ ಬರೆದಿಟ್ಟುಬಿಡುವನು. ಅಲ್ಲಿಂದಾಚೆ ಆ ಮನೆ ಯಾರನ್ನೂ ಕೇಳಬೇಕಾಗಿಲ್ಲ, ನೇರ ಆ ನಂಬರಿಗೇ ಹೋಗುತ್ತದೆ. ಹೀಗೆ ಮಾಡಬಾರದು ಎಂದು ಕಂಪನಿಯವರು ಹೇಳಿದ್ದರು. ಜನ ಮಾತ್ರ ಯೋಗಾನಂದ ಕೈಯಿಟ್ಟರೆ ಆಯಿತು ಎನ್ನುತ್ತಿದ್ದರು. ಆ ಮಾತು ಅವನಿಗೆ ಬಹಳ ಇಷ್ಟ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಗುರುಪಾದಪ್ಪನವರ ಮನೆಯಿಂದ ಕರೆ ಬಂತು. ಮುಧೋಳದ ಕಡೆಯವರು, ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ. ಹೆಂಡತಿ ಚಂದ್ರವ್ವ, ಒಬ್ಬಳೇ ಮಗಳು ಶೀತಲ್. ಹುಡುಗಿಗೆ ನರ್ಸಿಂಗ್ ಓದುವ ಹುಚ್ಚು. ಸರ್ಕಾರಿ ಕಾಲೇಜುಗಳನ್ನು ಆರಿಸಿ ಪಟ್ಟಿ ತುಂಬಲು ಅವತ್ತೇ ಕೊನೆಯ ದಿನ, ಸೀಟು ಹಂಚುವ ಕಚೇರಿಯ ಸೈಟು ಮಾತ್ರ ಆ ಮನೆಯಲ್ಲಿ ತೆರೆಯುತ್ತಿಲ್ಲ. ಯೋಗಾನಂದ ಓಡಿದ. ನನಗೆ ಫೋನ್ ಮಾಡಿದ. ನಾನು ಓದಿ ಹೇಳಿದೆ. ಸೈಟು ತೆರೆಯಿತು, ಹುಡುಗಿ ಪಟ್ಟಿ ತುಂಬಿದಳು, ಚಂದ್ರವ್ವ ಅವನಿಗೆ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟರು. ಅದರಲ್ಲಿ ಎರಡು ನನ್ನ ಪಾಲಿಗೂ ಬಂದವು.

ಹೊರಡುವಾಗ ಒಂದು ಮಾತು ಹೇಳಿ ಬಂದಿದ್ದ. “ಸೀಟು ಸಿಕ್ಕಿದೆ, ಇಲ್ಲಿ ಒತ್ತಿ ಅಂತ ಮೋಸದ ಮೆಸೇಜ್ ಬರ್ತವೆ ಕಣಮ್ಮ. ಯಾವುದನ್ನೂ ನಂಬಬೇಡ. ಸೈಟಲ್ಲಿ ಏನಿದೆಯೋ ಅದೇ ಸತ್ಯ.”

ಹುಡುಗಿ ಹಾಗೆಯೇ ಮಾಡಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೈಟು ನೋಡುವುದು. ‘ಸೀಟು ಹಂಚಿಕೆ ಶೀಘ್ರದಲ್ಲೇ ಪ್ರಕಟವಾಗಲಿದೆ’ ಎಂದೇ ಇರುತ್ತಿತ್ತು. ಅವಳ ಫೋನೂ ನಡೆಯುತ್ತಿದ್ದುದು ಮನೆಯ ವೈಫೈ ಮೇಲೆಯೇ, ಅದರಲ್ಲೂ ಅದೇ ಸಾಲು. ಒಂದು ಸಂಜೆ ಗುರುಪಾದಪ್ಪನವರು ಏನೋ ಮೆಸೇಜ್ ಬಂದಿದೆ ಎಂದು ತಮ್ಮ ಫೋನ್ ತೋರಿಸಿದರು. ಅವಳು ಸೈಟು ತೆರೆದು ನೋಡಿ, “ಇಲ್ಲಪ್ಪಾ, ಇನ್ನೂ ಬಿಟ್ಟಿಲ್ಲ. ಮೋಸದ್ದದು, ಮುಟ್ಟಬ್ಯಾಡ್ರಿ” ಎಂದಳು.

ಮೆಸೇಜು ನಿಜದ್ದೇ ಆಗಿತ್ತು.

ಒಂದು ವಾರದ ಮೇಲೆ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಶೀತಲ್ ನನ್ನ ಅಂಗಡಿಗೆ ಬಂದಳು. ಸೀಟಿನ ಕಥೆ ಏನಾಯ್ತಮ್ಮ ಎಂದೆ. ಇನ್ನೂ ಬಿಟ್ಟಿಲ್ಲ ಕಾಕಾ ಎಂದಳು. ತಡಿ ನೋಡೋಣ ಎಂದು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಅವಳ ಹೆಸರಿತ್ತು. ಸರ್ಕಾರಿ ಕಾಲೇಜಿನಲ್ಲಿ ಸೀಟಿತ್ತು. ಒಪ್ಪಿಗೆ ಕೊಡುವ ಗಡುವು ಹಿಂದಿನ ದಿನ ಸಂಜೆ ಐದಕ್ಕೆ ಮುಗಿದಿತ್ತು. ಹುಡುಗಿ ಅಳಲಿಲ್ಲ. ಆಧಾರ್ ಕಾರ್ಡ್ ಮೆಷಿನ್ನಿನಲ್ಲೇ ಬಿಟ್ಟು ಹೋದಳು.

ಮಾರನೆಯ ದಿನ ತಂದೆ ಮಗಳು ಆ ಕಚೇರಿಗೆ ಹೋಗಿ ಬೇಡಿಕೊಂಡರು. ಸೈಟು ಸರಿಯಾಗಿಯೇ ಇತ್ತು, ಉಳಿದವರೆಲ್ಲ ನೋಡಿದ್ದಾರಲ್ಲ ಎಂದರಂತೆ. ಮುಂದಿನ ಸುತ್ತಿಗೆ ಸರ್ಕಾರಿ ಸೀಟು ಉಳಿದಿರಲಿಲ್ಲ.

ಅವರು ಕಚೇರಿಯಿಂದ ಬಂದ ಸಂಜೆಯೇ ಯೋಗಾನಂದನಿಗೆ ಸುದ್ದಿ ಮುಟ್ಟಿಸಿದವನು ನಾನು. ಕೇಳಿದ ಕೂಡಲೇ ಅಂಗಡಿಗೆ ಓಡಿ ಬಂದ. ನನ್ನ ಕಂಪ್ಯೂಟರಿನಲ್ಲಿ ಆ ಸೈಟಿನ ನಂಬರ್ ನೋಡಿದ. ಬದಲಾಗಿತ್ತು. ಕಚೇರಿಯವರು ನಡುವೆ ಸೈಟನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಹಳೆಯದನ್ನು ಬಂದ್ ಮಾಡದೆ, ಆ ಹಳೇ ಸಾಲಿನ ಸಮೇತ ಹಾಗೇ ಬಿಟ್ಟಿದ್ದರು. ಊರೆಲ್ಲ ಹೆಸರು ಕೇಳಿ ಹೊಸ ಅಂಗಡಿಗೆ ಹೋಗುತ್ತಿತ್ತು. ಆ ಒಂದು ಮನೆ ಮಾತ್ರ ಯಾರನ್ನೂ ಕೇಳದೆ, ಇವನು ಬರೆದಿಟ್ಟ ನಂಬರು ಹಿಡಿದು, ಖಾಲಿಯಾದ ಹಳೇ ಅಂಗಡಿಯ ಮುಂದೆ ಕಾಯುತ್ತ ನಿಂತಿತ್ತು.

“ನಾನೇ ಕಣಣ್ಣ,” ಎಂದು ಸ್ಟೂಲಿನ ಮೇಲೆ ಕುಸಿದ. “ಆ ಮಗೀನ ಸೀಟು ಕಳೆದೋನು ನಾನೇ. ಕೆಲಸ ಮುಗಿದ ಮೇಲೆ ಅಳಿಸ್ಬೇಕು ಅಂತ ತಲೇಗೇ ಬರ್ಲಿಲ್ಲ. ಈಗ್ಲೇ ಓಗಿ ಹೇಳ್ಬಿಡ್ತೀನಿ.”

ಆಗ ನಾನು ಹೇಳಿದ ಮಾತು ಇದು: “ಸುಮ್ನಿರೋ. ಹೇಳಿದ್ರೆ ಸೀಟು ವಾಪಸ್ ಬರುತ್ತಾ? ನಾಳೆಯಿಂದ ಯಾರು ನಿನ್ನನ್ನ ಮನೆಯೊಳಗೆ ಬಿಟ್ಕೋತಾರೆ? ಅಳಿಸಿಬಿಟ್ಟು ಬಾಯಿ ಮುಚ್ಕೊಂಡಿರು.”

ಅವನು ಹಾಕಿಕೊಟ್ಟ ರೂಟರುಗಳೆಲ್ಲ ಅವನ ಫೋನಿನಲ್ಲೂ ತೆರೆಯುತ್ತಿದ್ದವು. ಅಲ್ಲೇ ಕೂತು ಅದರಿಂದಲೇ ಆ ಮನೆಯ ರೂಟರಿನೊಳಗಿನ ಸಾಲನ್ನು ಅಳಿಸಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆ ಅರ್ಧ ನಿಮಿಷ ಏನು ಮಾಡಿತು ಎಂದು ನಮಗೆ ತಿಳಿದದ್ದು ಆಮೇಲೆ. ನನ್ನ ಅಂಗಡಿಯಲ್ಲಿ ಹೆಸರು ಕಂಡ ಮೇಲೆ ಗುರುಪಾದಪ್ಪನವರ ಮನೆಯಲ್ಲಿ ಯಾರೂ ಸೈಟು ತೆರೆದಿರಲಿಲ್ಲ. ಮಾರನೆಯ ಬೆಳಿಗ್ಗೆ ತೆರೆದರೆ ಸರಿಯಾಗಿಯೇ ಕಾಣಿಸಿದೆ. ಅದೇ ಕಂಪ್ಯೂಟರು, ಅದೇ ಹುಡುಗಿ. ಮಗಳ ಹೆಸರು, ಸೀಟು, ಪ್ರಕಟವಾದ ತಾರೀಕು, ಎಲ್ಲ ಕಣ್ಣಮುಂದೆ. ತಂದೆ ನಿಂತು ನೋಡಿದರಂತೆ. “ಈಗ ಬರೋಬ್ಬರಿ ಕಾಣಾಕತ್ತೈತಲ್ಲ? ಎಂಟ್ ದಿನದಿಂದ ಐತಿ. ಎಲ್ಲಾರ ಮಕ್ಕಳಿಗೂ ಕಂಡೈತಿ. ನಿನಗಷ್ಟ ಯಾಕ ಕಾಣ್ಲಿಲ್ಲ?” ಅಂದರಂತೆ. ತಾನೇ ಕಣ್ಣುಮುಚ್ಚಿ ನೋಡಿದೆನೇನೋ ಎಂದು ಅವಳೂ ನಂಬಿದಳು.

ಓದಿನ ಮಾತು ಅಲ್ಲಿಗೇ ನಿಂತಿತು. ನಾಗಸಂದ್ರದ ಹತ್ತಿರ ಮಾತ್ರೆ ಪ್ಯಾಕ್ ಮಾಡುವ ಕಡೆ ಕೆಲಸಕ್ಕೆ ಸೇರಿದಳು. ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಕಾರ್ಖಾನೆಯವರು ಕೊಟ್ಟ ಕಾಗದ ಹಿಡಿದು ಅಂಗಡಿಗೆ ಬಂದಳು. ಕನ್ನಡದಲ್ಲೇ ಇತ್ತು, ನಾಲ್ಕೇ ಸಾಲು.

“ಕಾಕಾ, ಇದರಾಗ ಏನ್ ಬರದಾರ, ಒಮ್ಮೆ ಓದ್ರಿ.”

“ಯಾಕಮ್ಮ, ನಿಂಗೆ ಓದಕ್ಕೆ ಬರಲ್ವಾ?”

“ಬರ್ತೈತ್ರಿ. ನಾ ನೋಡಿದ್ದು ಖರೇ ಐತೋ ಇಲ್ಲೋ ಗೊತ್ತಾಗೂದಿಲ್ರಿ ನನಗ. ಅಲ್ಲೂ ಡಬ್ಬಿ ಮ್ಯಾಲಿನ ನಂಬರ್ ಬಾಜೂದಾಕಿ ಕಡೆ ಓದಸ್ತೀನಿ.”

ಓದಿ ಹೇಳಿದೆ. ಪಿಯುಸಿಯಲ್ಲಿ ಎಂಬತ್ತೆಂಟು ತೆಗೆದ ಹುಡುಗಿ.

ಯೋಗಾನಂದನಿಗೆ ಇದನ್ನು ಹೇಳಿದೆ. ಭಾನುವಾರ ಬೆಳಿಗ್ಗೆ ಗುರುಪಾದಪ್ಪನವರ ಮನೆಗೆ ಹೊರಟ. ನಾನೂ ಜೊತೆಗೆ ಹೋದೆ.

ಚಂದ್ರವ್ವ ಚಹಾ ಕೊಟ್ಟರು. ಯೋಗಾನಂದ ಕುರ್ಚಿಯ ಮೇಲೆ ಕೂರಲಿಲ್ಲ. ನೆಲದ ಮೇಲೆ, ರೂಟರಿನ ಪಕ್ಕದಲ್ಲೇ ಕೂತು ಎಲ್ಲ ಹೇಳಿದ. ಮಂಡಿ, ಹಮಾಲಿ, ಅಂಗಡಿ ನಂಬರು, ಬರೆದದ್ದು, ಮರೆತದ್ದು. ಪಾಠ ಹೇಳುವಾಗಿನ ಆ ಗತ್ತು ದನಿಯಲ್ಲಿ ಇರಲೇ ಇಲ್ಲ. ಗುರುಪಾದಪ್ಪನವರು ಇವನನ್ನು ಬೈಯಲಿಲ್ಲ, ಇವನ ಕಡೆ ನೋಡಲೂ ಇಲ್ಲ. ಮಗಳನ್ನೇ ನೋಡುತ್ತ ಕೂತರು. ಕಣ್ಣಲ್ಲಿ ನೀರಿತ್ತು.

ಶೀತಲ್ ಬಾಗಿಲ ಹತ್ತಿರ ನಿಂತಿದ್ದಳು. “ಅಂದ್ರ ಅಣ್ಣಾ, ನಾ ನೋಡಿದಾಗೆಲ್ಲಾ ಅದು ಬಂದಿರಲೇ ಇಲ್ಲೇನ್ರಿ?”

“ಬಂದಿರಲಿಲ್ಲಮ್ಮ. ನೀನು ನೋಡಿದ್ದೇ ಸರಿ. ನಿನ್ನ ಕಣ್ಣು ತಪ್ಪಲಿಲ್ಲ.”

“ಅದನ್ನ ಅಳಿಸಿದ್ದು ಯಾವಾಗ್ರಿ?”

“ವಿಷಯ ಗೊತ್ತಾದ ದಿನಾನೇ. ಸಂಜೆ.”

“ಅವತ್ತ ಗೊತ್ತಿತ್ತಲ್ರಿ ನಿಮಗ,” ಎಂದಳು. ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ, ದಿನ ಲೆಕ್ಕ ಹಾಕುತ್ತಿದ್ದಳು ಅಷ್ಟೇ. “ನಾಕ್ ತಿಂಗಳಾತು. ಅವತ್ತ ಬಂದು ಇಷ್ಟ ಹೇಳಿದ್ರ ಸಾಕಿತ್ರಿ. ಸೀಟಿನ ಮಾತು ಬಿಡ್ರಿ.”

ಯೋಗಾನಂದ ತಲೆ ತಗ್ಗಿಸಿ, “ನನ್ನದೇ ತಪ್ಪು. ನಾನು ಹೆದರಿಬಿಟ್ಟೆ ಕಣಮ್ಮ” ಎಂದ. ಅವನು ಹೆದರಿರಲಿಲ್ಲ. ಆ ಸಂಜೆಯೇ ಹೋಗಿ ಹೇಳುತ್ತೇನೆ ಎಂದವನನ್ನು ತಡೆದು ಕೂರಿಸಿದ್ದು ಯಾರು ಎಂದು ಅವನು ಹೇಳಲಿಲ್ಲ. ನಾನು ಪಕ್ಕದಲ್ಲೇ, ಕುರ್ಚಿಯ ಮೇಲೆ ಕೂತಿದ್ದೆ. ನಾನೂ ಹೇಳಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟೆ.