ಹೂವೇರಿಸಿ ಆರಿಸಿದ ಕಂಪ್ಯೂಟರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ಕಂಪ್ಯೂಟರಿನಲ್ಲಿ ಏನೇ ಆಗಲಿ, ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ ಎಂದು ನಂಬಿ ಹೊಟ್ಟೆ ಹೊರೆದವನು. ಈಗಲೂ ಬದಲಾಗಿದ್ದೇನೆ ಎನ್ನಲಾರೆ. ದಣಿದಿದ್ದೇನೆ, ಅಷ್ಟೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಕೋಣೆಗಳು ಎಷ್ಟು ತಣ್ಣಗಿವೆ ಎಂಬುದನ್ನು ಅಲ್ಲಿಯ ಕಂಪ್ಯೂಟರು ಹಾವೇರಿಯ ನಮ್ಮ ಆಫೀಸಿಗೆ ತಿಳಿಸುತ್ತಿತ್ತು. ಅಲ್ಲಿ ಮಾಹಿತಿ ಕಟ್ಟಿ ಕಳಿಸುವುದಕ್ಕೂ ಇಲ್ಲಿ ಬಿಚ್ಚಿ ಓದುವುದಕ್ಕೂ ಒಂದೇ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟು. ಹಳೆಯದಾಗಿದ್ದ ಅದನ್ನು ಬದಲಿಸಲೇಬೇಕಿತ್ತು. ಹಳೆಯದು ಕಟ್ಟಿದ್ದನ್ನು ಹೊಸದು ಬಿಚ್ಚಲಾರದು. ಎರಡೂ ಕಡೆ ಒಟ್ಟಿಗೇ ಬದಲಾಗಬೇಕು. ವಾರಗಟ್ಟಲೆ ಇದೇ ಕೆಲಸ. ಒಂದನ್ನು ಮುಟ್ಟಿದರೆ ಇನ್ನೊಂದು ಮುರಿದು ಸಾಕುಸಾಕಾಗಿತ್ತು. ದೀಪಾವಳಿಗೆ ಮಾರುಕಟ್ಟೆ ಬಂದ್ ಇರುತ್ತದೆಂದು ಅಂದೇ ಮುಗಿಸಲು ಹೊರಟೆ.

ಹಾವೇರಿಯ ಕಡೆಯದನ್ನು ಬದಲಿಸಿ, ಸ್ಟೋರೇಜ್ ನೋಡಿಕೊಳ್ಳುವ ಈರಣ್ಣನಿಗೆ ಫೋನ್ ಮಾಡಿದೆ.

“ಇವತ್ತ ಅಮಾಸಿ ಐತ್ರಿ ಸರ. ಮಷಿನ್ ಎಲ್ಲಾ ತೊಳದು ಪೂಜಾ ಮಾಡೇವಿ. ಕಂಪ್ಯೂಟರಿಗೂ ಹೂವ ಏರ್ಸಿ ಬಂದ್ ಮಾಡೇವಿ. ಸೂಟಿ ಮುಗದ ಮ್ಯಾಲೆ ಹಚ್ಚೂಣ್ರಿ.”

ಸಿಟ್ಟು ಬಂತು. ಆದರೆ ಜಗಳಕ್ಕೂ ತ್ರಾಣ ಬೇಕಲ್ಲ. ಹೂಂ ಎಂದೆ.

ಊಟ ಮಾಡಿ ಬಂದು ಕೂತಾಗ ಪರದೆಯ ಮೇಲೆ ಕೆಂಪು ಸಾಲೊಂದಿತ್ತು: ನಾಲ್ಕನೇ ಕೋಣೆ ಬಿಸಿಯಾಗುತ್ತಿದೆ. ಕಳಿಸಬೇಕಾದ ಕಂಪ್ಯೂಟರು ಆರಿತ್ತು. ಆರದೆ ಇದ್ದಿದ್ದರೂ ಅದು ಕಳಿಸಿದ್ದನ್ನು ನನ್ನ ಹೊಸ ಲೈಬ್ರರಿ ಓದುವಂತಿರಲಿಲ್ಲ. ಆದರೂ ಮತ್ತೆ ಫೋನ್ ಮಾಡಿ, ನಾಲ್ಕನೇ ಕೋಣೆ ನೋಡಲು ಹೇಳಿದೆ.

ಈರಣ್ಣ ಬೀಗ ಹಾಕಿ, ಹಬ್ಬಕ್ಕೆ ಊರಿಗೆ ಹೋಗಲು ರಾಣೆಬೆನ್ನೂರಿನ ಬಸ್ಸಿಗೆ ನಿಂತಿದ್ದ. ಗೊಣಗುತ್ತಲೇ ಹಿಂದಿರುಗಿದ. ಸ್ವಲ್ಪ ಹೊತ್ತಿಗೆ ಅವನದೇ ಫೋನ್ ಬಂತು.

“ಪೂಜಾಕಂತ ನಾಕನೇ ಖೋಲಿ ಮಷಿನ್ ಆರ್ಸಿದ್ವಿರಿ. ಮತ್ತ ಚಾಲೂ ಮಾಡೂದ ಮರತೇವಿ. ನಮ್ಮನಿ ಕಾಯಿನೂ ಅದರಾಗ ಐತ್ರಿ ಸರ. ನಿಮಗ ಹೆಂಗ ಗೊತ್ತಾತು?”

ಒಳ್ಳೆಯ ದರ ಬರಲೆಂದು ಅವನ ಮನೆಯವರು ಕಾದಿಟ್ಟಿದ್ದ ಇಡೀ ವರ್ಷದ ಮೆಣಸಿನಕಾಯಿ. ರಜೆ ಮುಗಿಯುವವರೆಗೆ ಹಾಗೇ ಬಿಟ್ಟಿದ್ದರೆ ಬೆವೆತು, ಬಣ್ಣ ಕೆಟ್ಟು, ಕೊಳ್ಳುವವರಿರುತ್ತಿರಲಿಲ್ಲ.

ತಿರುಗಿ ನೋಡಿದರೆ ಪರದೆಯ ಮೇಲೆ ಏನೂ ಇರಲಿಲ್ಲ. ಎಲ್ಲ ಕಡೆ ಹುಡುಕಿದೆ. ಸಂದೇಶ ಬಂದ ಗುರುತೇ ಇಲ್ಲ. ದಣಿದ ಕಣ್ಣಿಗೆ ಹಾಗೆ ಕಂಡಿತೇ? ಇರಬಹುದು. ಆದರೆ ನಾಲ್ಕನೇ ಕೋಣೆಯೇ ಏಕೆ ಕಾಣಬೇಕಿತ್ತು?

“ಪೂಜಾ ಮಾಡಿದ್ದಕ್ಕ ಅದ ಹೇಳೇತಿ ಬಿಡ್ರಿ,” ಎನ್ನುತ್ತಾನೆ ಈರಣ್ಣ. ನನಗೆ ಹಾಗೆ ಬಿಡಲು ಆಗಿಲ್ಲ.

ಈಗ ಎರಡೂ ಕಡೆ ಹೊಸ ಲೈಬ್ರರಿಯೇ ಇದೆ. ಅಮಾವಾಸ್ಯೆಗೊಮ್ಮೆ ಅಲ್ಲಿ ಕಂಪ್ಯೂಟರು ಆರುತ್ತದೆ, ಇಲ್ಲಿ ಪರದೆ ಖಾಲಿಯಾಗುತ್ತದೆ. ಊಟ ಮಾಡಿ ಬಂದು ಅದನ್ನೇ ನೋಡುತ್ತ ಕೂರುತ್ತೇನೆ. ಏನೂ ಬರುವುದಿಲ್ಲ. ಆಮೇಲೆ ನಾನೇ ಫೋನ್ ಮಾಡಿ, ನಾಲ್ಕನೇ ಕೋಣೆ ನೋಡಿದೆಯಾ ಎಂದು ಕೇಳುತ್ತೇನೆ.